ಅಂಚೆಯಲ್ಲಿ ಓಡಾಡಿದ ಹಾಡುಗಳು

ಕಂಪ್ಯೂಟರಿನಲ್ಲಿ ಮಾಡಿದ ಸಂಗೀತ ಅಂದ್ರೆ ನನಗೆ ಅಷ್ಟಕ್ಕಷ್ಟೇ. ಜೀವವಿಲ್ಲದ ಕುಟುಕುಟು ಸದ್ದು ಅಂತ ಗೆಳೆಯರ ಮುಂದೆ ಭಾಷಣ ಬಿಗಿಯುತ್ತಿದ್ದೆ. ನನ್ನ ಬಾಯಿ ಮುಚ್ಚಿಸಲಿಕ್ಕೇ ಅಂತ ರೂಮ್‌ಮೇಟ್ ಒಬ್ಬ ಒಂದು ಸಿಡಿ ಬರ್ನ್ ಮಾಡಿ ಕೊಟ್ಟ (ಪೈರಸಿ, ಒಪ್ಕೋತೀನಿ). ಆಲ್ಬಮ್ಮಿನ ಹೆಸರು 'ಗಿವ್ ಅಪ್', ಬ್ಯಾಂಡು 'ದಿ ಪೋಸ್ಟಲ್ ಸರ್ವೀಸ್'.

ಇದೆಂಥ ಹೆಸರು ಅಂತೀರಾ? ಲಾಸ್ ಏಂಜಲೀಸಿನ ಜಿಮ್ಮಿ ಟ್ಯಾಂಬೊರೆಲ್ಲೊ 'ಡಿಂಟೆಲ್' ಅನ್ನೋ ಹೆಸರಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದ. 2001ರಲ್ಲಿ ಬಂದ ಅವನ ಆಲ್ಬಮ್ಮಿನ ಒಂದು ಹಾಡಿಗೆ 'ಡೆತ್ ಕ್ಯಾಬ್ ಫಾರ್ ಕ್ಯೂಟಿ' ಎಂಬ ಗಿಟಾರ್ ಬ್ಯಾಂಡಿನ ಬೆನ್ ಗಿಬ್ಬರ್ಡ್ ದನಿ ಕೊಟ್ಟ. ಇಬ್ಬರಿಗೂ ಹಿಡಿಸಿತು. ಆದರೆ ಗಿಬ್ಬರ್ಡ್ ಇದ್ದದ್ದು ದೂರದ ಸಿಯಾಟಲ್ಲಿನಲ್ಲಿ! ಹಾಗಾಗಿ ಟ್ಯಾಂಬೊರೆಲ್ಲೊ ತಾಳ, ಸಿಂಥ್ ಎಲ್ಲ ರೆಕಾರ್ಡ್ ಮಾಡಿ ಅಂಚೆಗೆ ಹಾಕೋದು, ಗಿಬ್ಬರ್ಡ್ ಅದನ್ನು ಅಲ್ಲಿಲ್ಲಿ ಕತ್ತರಿಸಿ, ತನ್ನ ದನಿ ಸೇರಿಸಿ ವಾಪಸ್ ಕಳಿಸೋದು. ಹೆಸರು ಬಂದದ್ದು ಹಾಗೆ. ಜೊತೆಗೆ ಜೆನ್ನಿ ಲೂಯಿಸ್, ಜೆನ್ ವುಡ್ ಹಾಡಿದರು. 2003ರ ಫೆಬ್ರವರಿಯಲ್ಲಿ ಸಬ್ ಪಾಪ್ ಕಂಪನಿ ಆಲ್ಬಂ ಹೊರತಂದಿತು.

ಸಬ್ ಪಾಪ್ ಅಂದ್ರೆ ನಿರ್ವಾಣದ ಮೊದಲ ಆಲ್ಬಂ 'ಬ್ಲೀಚ್' ತಂದ ಕಂಪನಿ, ಕರ್ಕಶ ಗಿಟಾರುಗಳ ತವರುಮನೆ. ಅಲ್ಲಿ 'ಬ್ಲೀಚ್' ಬಿಟ್ಟರೆ ಅತಿ ಹೆಚ್ಚು ಮಾರಾಟವಾದದ್ದು ಈ ಸಿಂಥ್ ಹಾಡುಗಳ ಆಲ್ಬಂ! 2012ರಲ್ಲಿ ಅದಕ್ಕೆ ಪ್ಲಾಟಿನಮ್ ಸಿಕ್ಕಿತು.

ಇನ್ನು ತಮಾಷೆ ಕೇಳಿ. 2003ರಲ್ಲೇ ಅಮೆರಿಕಾದ ನಿಜವಾದ ಅಂಚೆ ಇಲಾಖೆ, ಹೆಸರು ನಮ್ಮದು, ಬಳಸಬೇಡಿ ಅಂತ ಬ್ಯಾಂಡಿಗೆ ನೋಟೀಸು ಕಳಿಸಿತು. ನಮ್ಮಲ್ಲಾಗಿದ್ದರೆ ಕೇಸು ಮೊಮ್ಮಕ್ಕಳ ಕಾಲದವರೆಗೆ ನಡೀತಿತ್ತೇನೋ. ಅಲ್ಲಿ ರಾಜಿಯಾಯಿತು: ಹೆಸರು ಇಟ್ಟುಕೊಳ್ಳಿ, ಬದಲಿಗೆ ಅಂಚೆಗೆ ಒಂಚೂರು ಪ್ರಚಾರ ಕೊಡಿ, 2004ರ ನಮ್ಮ ಅಧಿಕಾರಿಗಳ ಸಮ್ಮೇಳನದಲ್ಲಿ ಬಂದು ಹಾಡಿ! ಇಲಾಖೆ ತನ್ನ ವೆಬ್‌ಸೈಟಿನಲ್ಲಿ ಇವರ ಸಿಡಿಯನ್ನೂ ಮಾರಿತು. ಸ್ವಲ್ಪ ವರ್ಷಕ್ಕೆ ಇದೇ ಬ್ಯಾಂಡಿನ 'ಸಚ್ ಗ್ರೇಟ್ ಹೈಟ್ಸ್' ಹಾಡು ಜಾಹೀರಾತಿನಲ್ಲಿ ಬಂತು. ಯಾರದು? ಅಂಚೆಯ ಪ್ರತಿಸ್ಪರ್ಧಿ ಯುಪಿಎಸ್‌ದು :)

ಆ ಹಾಡನ್ನೇ 'ಐರನ್ ಅಂಡ್ ವೈನ್' ಬರೀ ಗಿಟಾರಿನಲ್ಲಿ ಮೆಲ್ಲಗೆ ಹಾಡಿದ. 2004ರ 'ಗಾರ್ಡನ್ ಸ್ಟೇಟ್' ಸಿನಿಮಾದಲ್ಲಿರೋದು ಅದೇ. ಕೇಳಿದ ಕೂಡಲೇ ರೂಮ್‌ಮೇಟಿಗೆ ಹೇಳಿದೆ, "ನೋಡೋ, ಮಷೀನು ಬೇಕೇ ಇಲ್ಲ". ಅವನು ನಕ್ಕ. ಎರಡು ದಿನ ಗಿಟಾರಿನದ್ದೇ ಕೇಳಿದೆ. ಮೂರನೇ ದಿನ ಮೂಲ ಹಾಡಿನ ಶುರುವಿನಲ್ಲಿ ಎಡಕಿವಿಗೂ ಬಲಕಿವಿಗೂ ಜಿಗಿಯೋ ಆ ಪಿಣಿಪಿಣಿ ಸದ್ದಿಲ್ಲದೆ ಏನೋ ಖಾಲಿ ಅನ್ನಿಸತೊಡಗಿತು. ಗಿಟಾರಿನಲ್ಲಿ ಅದು ಬರೀ ಪ್ರೇಮಗೀತೆ. ಆ ಸದ್ದಿದ್ದಾಗ ದೂರದಲ್ಲಿರುವ ಒಬ್ಬ ಇನ್ನೊಬ್ಬರಿಗೆ ಹೇಳಿಕಳಿಸುತ್ತಿರುವ ಮಾತಿನ ಹಾಗೆ ಕೇಳುತ್ತದೆ. ನಾನು ಸೋತದ್ದು ಅಲ್ಲಿ.

ಪ್ರಭಾವ ಅಂದರೆ ಎಲ್ಲರೂ ಮೊದಲು ಬೆರಳು ತೋರಿಸೋದು 'ಔಲ್ ಸಿಟಿ' ಕಡೆಗೆ. ಮಿನೆಸೋಟಾದ ಆಡಮ್ ಯಂಗ್ ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಕೂತು ಮಾಡಿದ 'ಫೈರ್‌ಫ್ಲೈಸ್' 2009ರಲ್ಲಿ ಅಮೆರಿಕಾದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ ಒನ್ ಆಯಿತು. ನಕಲು ಅಂತ ಬೈದವರು ಬಹಳ. ದನಿಯ ಹೋಲಿಕೆ ನಿಜ. ಆದರೆ ಇವರ ಹಾಡಿನ ಮನೆ ಬಿಟ್ಟವರ ಕಹಿ ಅಲ್ಲಿಲ್ಲ, ಅದು ಜೋಗುಳ.

ಎರಡನೇ ಆಲ್ಬಂ ಬರಲೇ ಇಲ್ಲ. ಅಷ್ಟರಲ್ಲಿ ಡೆತ್ ಕ್ಯಾಬ್ ದೊಡ್ಡದಾಗಿತ್ತು. 2013ರಲ್ಲಿ ಹತ್ತು ವರ್ಷದ ನೆಪಕ್ಕೆ ಹಳೆಯ ಆಲ್ಬಮ್ಮಿಗೆ ಎರಡು ಹೊಸ ಹಾಡು ಸೇರಿಸಿದರು, ಊರೂರು ತಿರುಗಿದರು, ಮುಗೀತು ಅಂದರು. 2023ರಲ್ಲಿ ಮತ್ತೆ ಬಂದರು. 'ಗಿವ್ ಅಪ್'ಗೂ, ಅದೇ 2003ರ ಡೆತ್ ಕ್ಯಾಬ್ ಆಲ್ಬಂ 'ಟ್ರಾನ್ಸ್‌ಅಟ್ಲಾಂಟಿಸಿಸಂ'ಗೂ ಇಪ್ಪತ್ತು ತುಂಬಿತ್ತು. ಒಂದೇ ರಾತ್ರಿ ಎರಡೂ ಆಲ್ಬಂ ಪೂರ್ತಿ, ಎರಡಕ್ಕೂ ಗಿಬ್ಬರ್ಡ್‌ನದೇ ಗಂಟಲು.

ರೂಮ್‌ಮೇಟ್ ಈಗ ಬೇರೆ ದೇಶದಲ್ಲಿದ್ದಾನೆ. ಆ ಶೋ ನೋಡಿ ಬಂದು ನನಗೊಂದು ಪೋಸ್ಟ್‌ಕಾರ್ಡ್ ಹಾಕಿದ. ತಲುಪೋಕೆ ಮೂರು ವಾರ ಹಿಡೀತು. ಅದರಲ್ಲಿದ್ದದ್ದು ಒಂದೇ ಸಾಲು: "ಮಷೀನು ಬೇಕೇನೋ?"