ಸೆಂಟರೂ ಕೇಂದ್ರವೂ

‘ಸೆಂಟರ್’ ಎಂಬ ಇಂಗ್ಲಿಷ್ ಮಾತು ನಿಮಗೆ ಹೊಸದಲ್ಲ. ಪರೀಕ್ಷೆಗೆ ಸೆಂಟರ್, ಔಷಧಕ್ಕೆ ಸೆಂಟರ್. ಕನ್ನಡ, ಮರಾಠಿ ಎರಡರಲ್ಲೂ ಅದು ‘ಕೇಂದ್ರ’. ವಿಶೇಷವೆಂದರೆ ಸೆಂಟರ್, ಕೇಂದ್ರ ಎರಡರ ಬೇರೂ ಒಂದೇ: ಗ್ರೀಕರ ‘ಕೆಂಟ್ರಾನ್’. ಎತ್ತು ತಿವಿಯುವ ಮೊನೆಗೋಲಿಗೆ ಆ ಹೆಸರು. ಮುಂದೆ ಕೈವಾರದ ಊರಿದ ಮೊನೆಗೂ ಅದೇ ಆಯಿತು. ಜ್ಯೋತಿಷದೊಡನೆ ಅದು ಸಂಸ್ಕೃತಕ್ಕೆ ಬಂತು. ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋಯಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ, ವಿಜಾಪುರಗಳು ಮೈಸೂರು ರಾಜ್ಯ ಸೇರಿದವು. ಸಾಂಗಲಿ, ಮಿರಜಗಳು ಮುಂಬಯಿ ರಾಜ್ಯದಲ್ಲಿ ಉಳಿದವು. ಅಂದಿನಿಂದ ನಾವು ‘ಗಡಿಯವರು’.

ಆದರೆ ಮಿರಜವನ್ನೇ ನೋಡಿರಿ. ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರದ ಹಳಿಗಳು ಅಲ್ಲಿ ಕೂಡುತ್ತವೆ. 1894ರಲ್ಲಿ ಡಾಕ್ಟರ್ ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ಅಲ್ಲಿ ನೆಲೆಸಿದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು.

ಕೈವಾರದ ಮೊನೆ ಎಲ್ಲಿ ಊರುತ್ತದೋ ಅದೇ ಕೇಂದ್ರ. ಮುಂಬಯಿಯಲ್ಲಿ ಊರಿದರೂ ಬೆಂಗಳೂರಿನಲ್ಲಿ ಊರಿದರೂ ನಾವು ಅಂಚಿನವರೇ. ಒಮ್ಮೆ ಮಿರಜದಲ್ಲಿ ಊರಿ ಸುತ್ತು ಎಳೆಯಿರಿ: ಅದರೊಳಗೆ ಎರಡು ಭಾಷೆ ಕೂಡಿ ಬಾಳುತ್ತವೆ, ನಿಮ್ಮ ಮನೆಯಲ್ಲಿ ಬಾಳುವಂತೆ.