ಸನಾದಿ ಕಲಿಯುವವರ ಸಾಮಾನು

ಹಳೆ ಕೊಲ್ಹಾರದಲ್ಲಿ ಸನಾದಿ, ಅಂದರೆ ಶಹನಾಯಿ, ಕಲಿಯುವ ಹುಡುಗನಿಗೆ ಬೇಕಾದ ಸಾಮಾನು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಓಣಿಗಳಲ್ಲಿ ಸಿಗುತ್ತಿತ್ತು. ಮರದ ಕೊಳವೆ ಬಡಿಗರ ಮನೆಯದು. ತುದಿಗೆ ಕೂಡಿಸುವ ಹಿತ್ತಾಳೆಯ ಬಾಯಿ ಕಂಚಗಾರರದು. ಶ್ರುತಿ ಕೂಡದ ತೂತಿಗೆ ಮೆತ್ತುವ ಮೇಣ ಜೇನು ಕೀಳುವವರದು. ತುಟಿಗೆ ಹಿಡಿಯುವ ಪತ್ತಿ ಮಾತ್ರ ಊದುವವರ ಮನೆಯಲ್ಲೇ ತಯಾರಾಗುತ್ತಿತ್ತು. ನಾನು ಬಡಿಗರ ಮಗ. ನಮ್ಮಪ್ಪ ಬೈರಿಗೆ ಹಿಡಿದು ಕೊಳವೆ ಕೊರೆಯುವಾಗ ಮರ ಅಲುಗದಂತೆ ಒತ್ತಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಸನಾದಿಯ ನಂಟು ನನಗೆ ಅಂಟಿದ್ದು ಅಲ್ಲಿಂದ.

ಈ ವಾದ್ಯಕ್ಕೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಬಾಳು ಇತ್ತು. ವಿಜಯಪುರದ ಗೋಳಗುಮ್ಮಟದ ಮುಂದೆ ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡವೇ ನಗಾರಖಾನೆ, ನಗಾರಿ, ಸನಾದಿ ಕೂಡಿದ ನೌಬತ್ತು ನುಡಿಸುತ್ತಿದ್ದ ಜಾಗ. 1686ರಲ್ಲಿ ಆದಿಲ್‌ಶಾಹಿ ಮುಗಿಯಿತು, ಸನಾದಿ ಮುಗಿಯಲಿಲ್ಲ. ಗುಡಿಯ ಪಲ್ಲಕ್ಕಿ, ದರ್ಗಾದ ಉರುಸು, ಲಗ್ನದ ಹಂದರ, ಕರಡಿ ಮಜಲು ಎಲ್ಲದಕ್ಕೂ ಅದು ಬೇಕಾಯಿತು. ನುಡಿಸುತ್ತಿದ್ದವರು ಹೆಚ್ಚಾಗಿ ಭಜಂತ್ರಿ ಮನೆತನದವರು. ಲಗ್ನದ ಸುಗ್ಗಿಯಲ್ಲಿ ಸನಾದಿ, ಉಳಿದ ದಿನಗಳಲ್ಲಿ ಈಚಲು ಗರಿಯ ಬುಟ್ಟಿ, ಕಸಬರಿಗೆ. ಅವರ ಉಸಿರಿಲ್ಲದೆ ಯಾರ ಮನೆಯ ಅಕ್ಕಿಕಾಳೂ ಬೀಳುತ್ತಿರಲಿಲ್ಲ, ಆದರೂ ಅವರನ್ನು ಹಂದರದ ಹೊರಗೇ ಕೂಡಿಸುತ್ತಿದ್ದರು. ಕಣ್ಣಾರೆ ಕಂಡ ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಪತ್ತಿಯ ವಿಷಯ ಹೇಳಲೇಬೇಕು. ತುಟಿಗಳ ನಡುವೆ ಹಿಡಿಯುವ ಆ ಜೋಡಿ ಎಲೆ ಚಿಟಿಕೆಯಲ್ಲಿ ಹಿಡಿಯುವಷ್ಟು ಚಿಕ್ಕದು. ನೀರಿನ ದಂಡೆಯ ಜೊಂಡಿನ ಜಾತಿಯ ಹುಲ್ಲನ್ನು ನೆನೆಸಿ, ಚಪ್ಪಟೆ ಮಾಡಿ, ಸಣ್ಣ ಹಿತ್ತಾಳೆ ನಳಿಗೆಗೆ ಹತ್ತಿಯ ದಾರದಿಂದ ಬಿಗಿದು ಕಟ್ಟಬೇಕು. ಬಿಗಿ ಹೆಚ್ಚಾದರೆ ದನಿ ಚೀರುತ್ತದೆ, ಸಡಿಲಾದರೆ ಗಾಳಿ ಸೋರುತ್ತದೆ. ಆಮೇಲೆ ಚೂರಿಯ ಬೆನ್ನಿನಿಂದ ಕೂದಲೆಳೆಯಷ್ಟು ಹೆರೆಯುವುದು, ಊದಿ ನೋಡುವುದು, ಮತ್ತೆ ಹೆರೆಯುವುದು. ನಮ್ಮ ಬಿಸಿಲಿಗೆ ಪತ್ತಿ ಒಣಗಿ ಮುಚ್ಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದಕ್ಕೇ ಸನಾದಿಯ ಕೊರಳಿಗೆ ಒಂದು ದಾರ, ಆ ದಾರದಲ್ಲಿ ಎರಡು ಮೂರು ಬದಲಿ ಪತ್ತಿ, ಬಾಯಿ ಬಿಡಿಸಲು ಒಂದು ಸೂಜಿ ಯಾವಾಗಲೂ ತೂಗುತ್ತಿರುತ್ತವೆ. ನನಗೆ ಕಲಿಸಿದ ಮುತ್ಯಾ ಅನ್ನುತ್ತಿದ್ದ: "ತಮ್ಮಾ, ಉಸುರು ಸಾಲದಿದ್ರ ನಾಳೆ ಸಾಲತೈತಿ. ಪತ್ತಿ ಕಟ್ಟಾಕ ಬರದಿದ್ರ ಜೀವನಪೂರ್ತಿ ಮಂದಿ ಮನೀ ಬಾಗಿಲಾ ಕಾಯಬೇಕಾಗತೈತಿ."

ಉಸಿರಿನ ಪಾಠಕ್ಕೆ ಬೇಕಾದ ಸಾಮಾನು ಮೊಸರಿನ ಗಡಿಗೆ. ಕೊಲ್ಹಾರದ ಗಟ್ಟಿ ಮೊಸರು ಮಣ್ಣಿನ ಗಡಿಗೆಯಲ್ಲೇ ಮಾರಾಟವಾಗುವುದು ಎಲ್ಲರಿಗೂ ಗೊತ್ತು. ಖಾಲಿ ಗಡಿಗೆಯಲ್ಲಿ ನೀರು ತುಂಬಿ, ಪೊಳ್ಳು ಕಡ್ಡಿಯಿಂದ ಗುಳ್ಳೆ ಎಬ್ಬಿಸಬೇಕು. ಗುಳ್ಳೆ ನಿಲ್ಲಬಾರದು. ಗಲ್ಲದಲ್ಲಿ ಕೂಡಿಟ್ಟ ಗಾಳಿ ಹೊರಗೆ ಹೋಗುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಒಳಗೆ ಬರಬೇಕು. ಇದು ಕೈಗೂಡುವ ತನಕ ಸನಾದಿ ಮುಟ್ಟಲು ಮುತ್ಯಾ ಬಿಡುತ್ತಿರಲಿಲ್ಲ.

ನಮ್ಮ ಊರನ್ನು ಮುಳುಗಿಸಿದ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರು ಏರುವ ಮುಂಚೆ ನಮ್ಮ ಊರಿನ ಮನೆಗಳನ್ನು ಬಿಚ್ಚಿದಾಗ ತೊಲೆ, ಕಂಬ, ಜಂತಿಗಳು ಸಿಕ್ಕ ಬೆಲೆಗೆ ಹೋದವು. ತಮಿಳುನಾಡಿನ ನರಸಿಂಗಂಪೇಟೆಯಲ್ಲಿ ನಾಗಸ್ವರ ಮಾಡುವವರು ಹಳೆ ಮನೆಗಳ ತೊಲೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ, ಏಕೆಂದರೆ ಹತ್ತಾರು ವರ್ಷ ಒಣಗಿದ ಮರ ಇನ್ನು ಸೀಳುವುದಿಲ್ಲ, ಬಾಗುವುದಿಲ್ಲ. ನಮ್ಮ ಓಣಿಯಿಂದ ಗಾಡಿಗಳಲ್ಲಿ ಹೋದ ಸಾಗವಾನಿಯಲ್ಲಿ ಎಷ್ಟು ಸನಾದಿಗಳಿದ್ದವೋ ಎಂದು ಬಡಿಗರ ಮಗನಾದ ನನ್ನ ಹೊಟ್ಟೆ ಉರಿಯುತ್ತದೆ. ಮನೆಗಳಿಗಿಂತ ದೊಡ್ಡ ನಷ್ಟ ಓಣಿಗಳದು. ಬಡಿಗ, ಕಂಚಗಾರ, ಭಜಂತ್ರಿ ಹೊಸ ಕೊಲ್ಹಾರದಲ್ಲಿ, ವಿಜಯಪುರದಲ್ಲಿ, ಪುಣೆಯಲ್ಲಿ ಚದುರಿಹೋದರು. ಕೊಳವೆ ಮಾಡುವವನಿಗೂ ಊದುವವನಿಗೂ ನಡುವಿನ ಹತ್ತು ಹೆಜ್ಜೆಯ ದಾರಿ ಮುಳುಗಿತು.

ಹೊಳೆಯಾಚೆಯ ಬೀಳಗಿ ಸನಾದಿ ಅಪ್ಪಣ್ಣನ ಊರು. ಕೃಷ್ಣಮೂರ್ತಿ ಪುರಾಣಿಕರು ಆತನ ಬಾಳನ್ನು ಕಾದಂಬರಿಗೆ ತಂದರು. 1977ರಲ್ಲಿ ಅದು ಸಿನಿಮಾ ಆದಾಗ ರಾಜಕುಮಾರ್ ಕೈಯಲ್ಲಿದ್ದ ವಾದ್ಯಕ್ಕೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನ್. ಅವರು ಹುಟ್ಟಿದ ಬಿಹಾರದ ಡುಮ್ರಾಂವ್ ಪತ್ತಿಯ ಹುಲ್ಲಿಗೂ ಹೆಸರಾದ ಊರು. ಅವರು ತೀರಿಕೊಂಡದ್ದು 2006ರ ಆಗಸ್ಟ್ 21ರಂದು. ಅದೇ ದಿನ ರಾಷ್ಟ್ರಪತಿ ಕಲಾಂ ಆಲಮಟ್ಟಿ ಅಣೆಕಟ್ಟೆಯನ್ನು ನಾಡಿಗೆ ಅರ್ಪಿಸಿದರು. ಆ ಎರಡು ಸುದ್ದಿಗಳು ನನ್ನ ಮನಸ್ಸಿನಲ್ಲಿ ಬೇರೆಯಾಗಿ ಉಳಿದಿಲ್ಲ.

ಸನಾದಿ ಊದುತ್ತಿದ್ದ ಮನೆಗಳ ಹುಡುಗರು ಬ್ಯಾಂಡ್ ಕಂಪನಿ ಸೇರಿ ಕ್ಲಾರಿನೆಟ್ ಹಿಡಿದರು. ಅದರ ರೀಡ್ ಡಬ್ಬಿಯಲ್ಲಿ ಬರುತ್ತದೆ, ಮೇಲೆ ಎರಡು, ಎರಡೂವರೆ, ಮೂರು ಎಂದು ಗಡಸುತನದ ನಂಬರು. ಒಳ್ಳೆಯ ರೀಡಿನ ಬಿದಿರಿನಂಥ ಹುಲ್ಲು ಫ್ರಾನ್ಸಿನ ವಾರ್ ಸೀಮೆಯಲ್ಲಿ ಬೆಳೆಯುತ್ತದೆ. ಅನುಕೂಲವೇನೋ ಹೌದು. ಆದರೆ ಡಬ್ಬಿ ಖಾಲಿಯಾದರೆ ವಾದ್ಯವೂ ಮೂಲೆ ಸೇರುತ್ತದೆ. ಪತ್ತಿಗೆ ನಂಬರು ಇರಲಿಲ್ಲ, ಕಟ್ಟಿದವನ ತುಟಿಯೇ ಅದರ ಅಳತೆಯಾಗಿತ್ತು.

ಇನ್ನು ಸುತಿ. ತಾಳದವನ ಪಕ್ಕದಲ್ಲಿ ಕುಳಿತು, ಬೆರಳು ಆಡಿಸದೆ, ಷಡ್ಜವೊಂದನ್ನೇ ಹಿಡಿದು ಊದುವವನ ವಾದ್ಯ ಅದು. ಹೊಸಬನ ಮೊದಲ ಜಾಗ ಅದೇ. ಲಗ್ನದಿಂದ ಲಗ್ನಕ್ಕೆ ಸುತಿ ಹಿಡಿದು ಹೋಗುವ ಹುಡುಗನಿಗೆ ರಾತ್ರಿಯಿಡೀ ಗುರುವಿನ ರಾಗ ಕಿವಿಗೆ ಬೀಳುತ್ತಿತ್ತು, ಜತೆಗೆ ಊಟ, ಕೂಲಿಯ ಒಂದು ಪಾಲೂ ಸಿಗುತ್ತಿತ್ತು. ಬಡವರ ಮಕ್ಕಳಿಗೆ ಫೀ ಇಲ್ಲದ ಶಾಲೆ ಅದಾಗಿತ್ತು. ಈಗ ಆ ಜಾಗದಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆ ಕುಳಿತಿದೆ. ಪೆಟ್ಟಿಗೆ ದಣಿಯುವುದಿಲ್ಲ, ಊಟ ಕೇಳುವುದಿಲ್ಲ, ಕಲಿಯುವುದೂ ಇಲ್ಲ. ಏನು ಕೊಳ್ಳಬೇಕೆಂದು ಕೇಳಿ ಬರುವ ಹುಡುಗರಿಗೆ ನಾನು ಮೊದಲು ಒಂದು ಸುತಿ, ನಾಲ್ಕು ಪತ್ತಿ, ಒಂದು ಸೂಜಿ, ಒಂದು ಉಂಡೆ ದಾರ ಎಂದು ಬರೆದುಕೊಡುತ್ತೇನೆ. ಗಡಿಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತದೆ, ಮೊಸರು ತುಂಬಿಕೊಂಡೇ.