ಗಾಂಧೀಜಿ ಕೇಳಿ ಹಾಡಿಸಿದ ಗುಲಾಮರ ಹಾಡು

1936ರ ಫೆಬ್ರವರಿ 21. ಗುಜರಾತಿನ ಬಾರ್ಡೋಲಿಯಲ್ಲಿದ್ದ ಗಾಂಧೀಜಿಯನ್ನು ಕಾಣಲು ಅಮೆರಿಕದ ಕಪ್ಪು ಜನರ ಪುಟ್ಟ ನಿಯೋಗವೊಂದು ಬಂತು. ಮುಂದಾಳು ಪಾದ್ರಿ ಹೊವರ್ಡ್ ಥರ್ಮನ್. ಜೊತೆಗೆ ಪತ್ನಿ ಸ್ಯೂ ಬೇಲಿ ಥರ್ಮನ್. ಗುಲಾಮಗಿರಿ, ಮತದಾನದ ಹಕ್ಕು, ಲಿಂಚಿಂಗ್ ಎಲ್ಲವನ್ನೂ ಗಾಂಧೀಜಿ ಕೆದಕಿ ಕೇಳಿದರು. ಅತಿಥಿಗಳು ಹೊರಡುವ ಮೊದಲು ಒಂದು ಹಾಡು ಬೇಕೆಂದರು: 'ವೇರ್ ಯು ದೇರ್'. ಸ್ಯೂ ಹಾಡಿದರು.

ಯೇಸುವಿನ ಶಿಲುಬೆಯ ಹಾಡು ಗಾಂಧೀಜಿಗೆ ಯಾಕೆ ಬೇಕಾಯಿತು? ಉತ್ತರಕ್ಕೆ ಆ ಹಾಡು ಹುಟ್ಟಿದ ನೆಲಕ್ಕೇ ಹೋಗಬೇಕು.

ಇದು 'ಸ್ಪಿರಿಚುಯಲ್' ಎಂಬ ಪ್ರಕಾರದ ಹಾಡು. ಕಟ್ಟಿದವರ ಹೆಸರಿಲ್ಲ. ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಹಾಗಾಗಿ ಬೈಬಲ್ ಅವರಿಗೆ ಕಿವಿಯಿಂದ ಬಂತು, ಬಾಯಿಂದ ಬಾಯಿಗೆ ಹರಿಯಿತು. ಒಡೆಯನಿಗೆ ವಿಧೇಯರಾಗಿರಿ ಎಂದು ಅವರಿಗೆ ಬೋಧಿಸಲಾಗುತ್ತಿತ್ತು. ಅವರು ಎದೆಗೆ ಹಚ್ಚಿಕೊಂಡಿದ್ದು ಮಾತ್ರ ಈಜಿಪ್ಟಿನಿಂದ ಬಿಡುಗಡೆಯಾದವರ ಕಥೆಯನ್ನು, ಏಟು ತಿಂದು ಸತ್ತ ಯೇಸುವನ್ನು.

ಈ ಹಾಡುಗಳನ್ನು ಲೋಕಕ್ಕೆ ಕೇಳಿಸಿದ್ದು ನ್ಯಾಶ್‌ವಿಲ್‌ನ ಫಿಸ್ಕ್ ಶಾಲೆಯ ವಿದ್ಯಾರ್ಥಿಗಳು. ಶಾಲೆ ಸಾಲದಲ್ಲಿ ಮುಳುಗಿದ್ದಾಗ, 1871ರಲ್ಲಿ ಒಂಬತ್ತು ಗಾಯಕರು ಹಣ ಕೂಡಿಸಲು ಊರೂರು ಸುತ್ತಿದರು. ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು. ಹೆತ್ತವರ ಈ ಹಾಡುಗಳನ್ನು ಪರರೆದುರು ಹಾಡಲು ಮೊದಮೊದಲು ಅವರಿಗೇ ಮನಸ್ಸಿರಲಿಲ್ಲ. ಆದರೆ ಜನ ಕಣ್ಣೀರಿಟ್ಟದ್ದು ಅವನ್ನು ಕೇಳಿಯೇ. ಹೊಲದ ಹಾಡು ಹಲವು ದನಿಗಳ ವೃಂದಗಾನವಾಗಿ ವೇದಿಕೆ ಏರಿತು.

'ವೇರ್ ಯು ದೇರ್' ಅಚ್ಚಾಗಿದ್ದು 1899ರಲ್ಲಿ, ವಿಲಿಯಂ ಬಾರ್ಟನ್ ಅವರ ಸಂಗ್ರಹದಲ್ಲಿ. ಅದರ ಕಟ್ಟಡ ತೀರಾ ಸರಳ. ಪ್ರತಿ ನುಡಿಯಲ್ಲೂ ಒಂದೇ ಪ್ರಶ್ನೆ: ಅದು ನಡೆದಾಗ ನೀನು ಅಲ್ಲಿದ್ದೆಯಾ? ಶಿಲುಬೆಗೇರಿಸಿದಾಗ, ಗೋರಿಯಲ್ಲಿಟ್ಟಾಗ, ಹೀಗೆ ಒಂದೊಂದು ನುಡಿಗೆ ಒಂದೊಂದು ಘಟನೆ. ಒಮ್ಮೆ ಕೇಳಿದರೆ ಸಾಕು, ಓದು ಬಾರದವರೂ ದನಿಗೂಡಿಸಬಹುದು. ರಾಗ ನಿಧಾನ. ನಡುವೆ ನೀಳ ಉದ್ಗಾರವೊಂದು ಮೇಲೇರುತ್ತದೆ. ಬಳಿಕ ನಡುಕ ಎಂಬರ್ಥದ ಪದ ಮೂರು ಸಲ ಬಂದು, ದನಿ ಇಳಿದು, ಮತ್ತೆ ಅದೇ ಪ್ರಶ್ನೆ. ಉತ್ತರ ಬರುವುದೇ ಇಲ್ಲ.

ಬೈಬಲ್ಲಿನಲ್ಲಿ ಕೆಲವೆಡೆ ಇರುವಂತೆ ಈ ಹಾಡೂ ಶಿಲುಬೆಯನ್ನು 'ಮರ' ಎನ್ನುತ್ತದೆ. ಕಪ್ಪು ಜನರಿಗೆ ಆ ಮರ ದೂರದ್ದಲ್ಲ. ಟಸ್ಕೀಗಿ ಸಂಸ್ಥೆಯ ಲೆಕ್ಕದಂತೆ 1882ರಿಂದ 1968ರವರೆಗೆ 3,446 ಕಪ್ಪು ಜನರನ್ನು ಗುಂಪುಗಳು ಕೊಂದವು, ಎಷ್ಟೋ ಜನರನ್ನು ಮರಕ್ಕೆ ನೇತುಹಾಕಿ. ನೋಡಲು ಜನ ನೆರೆಯುತ್ತಿದ್ದರು. ಅದರ ಚಿತ್ರಗಳು ಪೋಸ್ಟ್‌ಕಾರ್ಡುಗಳಾಗಿ ಮಾರಾಟವಾದವು. ಶಿಲುಬೆಯನ್ನೂ ಈ ಮರವನ್ನೂ ಒಟ್ಟಿಗಿಟ್ಟು ಓದಿದ ದೇವಶಾಸ್ತ್ರಜ್ಞ ಜೇಮ್ಸ್ ಕೋನ್ 2011ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದರು.

ಅದೇ ಪ್ರವಾಸದಲ್ಲಿ ಕೊಲಂಬೊದ ವಕೀಲರೊಬ್ಬರು ಥರ್ಮನ್‌ರನ್ನು ತರಾಟೆಗೆ ತೆಗೆದುಕೊಂಡಿದ್ದರು: ನಿಮ್ಮವರನ್ನು ಗುಲಾಮರನ್ನಾಗಿಸಿದವರ ಧರ್ಮ ನಿಮಗ್ಯಾಕೆ? ಥರ್ಮನ್ 1949ರ ತಮ್ಮ ಪುಸ್ತಕದಲ್ಲಿ ಇದಕ್ಕೆ ವಿವರವಾಗಿ ಉತ್ತರಿಸಿದರು: ಯೇಸು ನಿಂತದ್ದು ದಾರಿಯೆಲ್ಲ ಮುಚ್ಚಿಹೋದವರ ಜೊತೆ, ಒಡೆಯರ ಜೊತೆ ಅಲ್ಲ. ಹೆಸರಿಲ್ಲದ ಗುಲಾಮರು ಈ ಮಾತನ್ನು ಹಾಡಿನಲ್ಲಿ ಆಗಲೇ ಹೇಳಿಟ್ಟಿದ್ದರು. ನೋವುಂಡ ಮನುಕುಲದ ಅನುಭವದ ಬೇರು ಆ ಹಾಡಿನಲ್ಲಿದೆ ಎಂದು ಗಾಂಧೀಜಿಗೆ ಅನ್ನಿಸಿತ್ತು.

ಆ ಪ್ರಶ್ನೆ ಕೊಂದವರನ್ನಷ್ಟೇ ಕೇಳಿದ್ದಲ್ಲ, ಸುತ್ತ ನಿಂತು ನೋಡಿದವರನ್ನೂ ಕೇಳಿದ್ದು.